ಕೆಂಪು ಬಳಿದ ಹೊಸ್ತಿಲು

ಹಲಗೆ ಮತ್ತೆ ಗಿಡ್ಡವಾಯಿತು.

"ಏನೋ ಇದು, ಒಂದು ಬೆರಳು ಕಮ್ಮಿ!" ಸಿಗ್ರುನ್ ಕಿಟಕಿಯಿಂದ ಕೂಗಿದಳು. "ಹಲಗೆ ಕೊಯ್ಯೋ ಅಂದ್ರೆ ತುದಿ ತಿಂದು ಕೊಡ್ತೀಯಲ್ಲೋ ಮಾರಾಯ!"

ಅಂಗಳದಲ್ಲಿ ಗರಗಸದ ಮುಂದೆ ನಿಂತಿದ್ದ ತೊರ್ಲೈಫ್ ಹಲಗೆಯನ್ನು ವಾಪಸು ಎಳೆದುಕೊಂಡು ಟೇಪು ಹಿಡಿದು ನೋಡಿದ. ನೂರ ಮೂವತ್ತಾರು. ಅವಳು ಕೂಗಿ ಹೇಳಿದ್ದೂ ನೂರ ಮೂವತ್ತಾರೇ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ನೀನು ಹೇಳಿದಷ್ಟೇ ಕೊಯ್ದಿದ್ದೀನಿ ಕಣೇ."

"ಹಾಗಾದ್ರೆ ಗೋಡೆ ಬೆಳೀತಾ ಇರ್ಬೇಕು," ಎಂದು ಅವಳು ಕಿಟಕಿಯಿಂದ ಮಾಯವಾದಳು.

ಇವರಿಬ್ಬರ ಕೆಲಸದ ಕ್ರಮವೇ ಹಾಗೆ. ಒಳಗೆ ಸಿಗ್ರುನ್ ಅಳೆದು ಕೂಗುವುದು, ಹೊರಗೆ ತೊರ್ಲೈಫ್ ಕೊಯ್ದು ಕಿಟಕಿಯಲ್ಲಿ ತೂರಿಸುವುದು. ಮದುವೆಯಾದ ವರ್ಷ ಕೋಳಿಗೂಡು ಕಟ್ಟುವಾಗ ಹೀಗೆ ಶುರುಮಾಡಿದವರು, ಪೇಟೆಯ ಮನೆಯ ಅಡುಗೆಕೋಣೆಯನ್ನೂ ದೋಣಿ ಇಡುವ ಕೊಟ್ಟಿಗೆಯನ್ನೂ ಹೀಗೆಯೇ ಮುಗಿಸಿದ್ದರು. ಅವಳು ಕೂಗಿದ ಅಂಕಿಯನ್ನು ಅವನು ಒಮ್ಮೆಯೂ ಎದ್ದು ಹೋಗಿ ಪರೀಕ್ಷಿಸಿದವನಲ್ಲ. ಬೇರೆ ಗಂಡ ಹೆಂಡತಿ ಒಬ್ಬರಿಗೊಬ್ಬರು ಏನೇನೋ ಹೇಳಿಕೊಳ್ಳುತ್ತಾರಂತೆ. ಇವರು ಸೆಂಟಿಮೀಟರು ಹೇಳಿಕೊಳ್ಳುತ್ತಿದ್ದರು, ಅದರಲ್ಲೇ ಸುಖವಾಗಿದ್ದರು.

ಈಗ ಉಳಿದದ್ದು ಬೆಟ್ಟದ ಮೇಲಿನ ಮರದ ಮನೆಯ, ನಮ್ಮವರು ಕ್ಯಾಬಿನ್ ಅನ್ನುವುದರ, ಒಳಗೋಡೆ ಮಾತ್ರ. ಚಾವಣಿ, ಹೊರಗೋಡೆ, ಒಲೆ, ಅಟ್ಟ ಎಲ್ಲ ಆಗಿ ಎಷ್ಟೋ ಬೇಸಿಗೆಗಳು ಕಳೆದಿದ್ದವು. ನಮ್ಮ ಕಣಿವೆಯಲ್ಲಿ ಕ್ಯಾಬಿನ್ ಕಟ್ಟಲು ಯಾರೂ ಅವಸರ ಮಾಡುವುದಿಲ್ಲ, ಅವಸರ ಮಾಡುವವರು ರಾಜಧಾನಿ ಓಸ್ಲೋದವರು. ಆದರೆ ಈ ಸಲ ಇವರಿಗೂ ಒಂದು ಗಡುವು ಇತ್ತು. ಹಿಮ ಬೀಳುವುದರೊಳಗೆ ಒಳಗಿನ ಕೆಲಸ ಮುಗಿಸಿ, ಪೇಟೆಯ ಮನೆ ಬಾಡಿಗೆಗೆ ಕೊಟ್ಟು, ಇನ್ನು ಮೇಲೆ ಇಲ್ಲೇ ಇರುವುದೆಂದು ಮಾತಾಗಿತ್ತು. ಬಸ್ಸುಗಳ ಹೊಟ್ಟೆಯಡಿ ಮಲಗಿ ಎಣ್ಣೆ ಒರೆಸಿಕೊಂಡೇ ನೌಕರಿ ಮುಗಿಸಿದ ತೊರ್ಲೈಫ್‌ಗೆ ಬೇರೆ ಆಸೆಯೇ ಇರಲಿಲ್ಲ. ಈ ಬೆಟ್ಟ, ಈ ಒಲೆ, ಎದುರಿಗೆ ಸಿಗ್ರುನ್, ಅಷ್ಟಿದ್ದರೆ ಆಯಿತು.

ಮಾರನೆಯ ದಿನದಿಂದ ಅವಳು ಟೇಪನ್ನೇ ಮುಟ್ಟಲಿಲ್ಲ. ಉದ್ದನೆಯ ಕೋಲೊಂದನ್ನು ಗೋಡೆಗೆ ಆನಿಸಿ, ಹೆಬ್ಬೆರಳಿಟ್ಟು, ಬೆರಳಿದ್ದಲ್ಲಿ ಚಾಕುವಿನಿಂದ ಗೀರಿ, ಕೋಲನ್ನು ಕಿಟಕಿಯಿಂದ ಚಾಚಿದಳು.

"ಇಷ್ಟುದ್ದ ಕೊಯ್ಯಿ."

"ಎಷ್ಟು ಅಂತ ಬಾಯಲ್ಲಿ ಹೇಳೇ."

"ಬಾಯಲ್ಲಿ ಹೇಳಿದ್ದರ ಗತಿ ನೋಡಿದ್ವಲ್ಲ. ಕೋಲಿಟ್ಟು ಕೊಯ್ಯಿ, ಸುಮ್ನೆ."

ಕೊಯ್ದ. ಹಲಗೆ ಸದ್ದಿಲ್ಲದೆ ತನ್ನ ಜಾಗದಲ್ಲಿ ಹೋಗಿ ಕೂತಿತು. ಅವನಿಗೆ ಸಮಾಧಾನವಾಗಬೇಕಿತ್ತು. ಅದರ ಬದಲು ಮೈಯೆಲ್ಲ ಉರಿಯಿತು. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಂಬನಿಗೆ ಹಾಗೆ ಗೀರಿದ ಕೋಲು ಕೊಡುತ್ತಾರೆ. ಇಷ್ಟು ವರ್ಷ ಇಲ್ಲದ ಅಪನಂಬಿಕೆ ಈಗ ಎಲ್ಲಿಂದ ಬಂತು? ಕೇಳೋಣವೆಂದು ಬಾಯಿ ತೆರೆದ. ಅವಳು ಆಗಲೇ ಒಲೆಯ ಕೊಳವೆಯ ಕಡೆ ನೋಡುತ್ತಿದ್ದಳು.

ಅದೇ, ಅವನ ಎದೆಯಲ್ಲಿ ಮುಳ್ಳಾಗಿ ಕೂತದ್ದು ಅದೇ. ಕೋಲು, ಟೇಪು ಎಲ್ಲ ಆಮೇಲಿನ ಮಾತು. ಹೋದ ಚಳಿಗಾಲದಿಂದ ಸಿಗ್ರುನ್ ಅವನ ಮುಖ ನೋಡಿ ಮಾತಾಡುವುದನ್ನು ಬಿಟ್ಟಿದ್ದಳು. ಅವನು ಮಾತು ಶುರುಮಾಡಿದ ಕೂಡಲೆ ಅವಳ ಕಣ್ಣು ಬೇರೆಡೆಗೆ ಜಾರುತ್ತಿತ್ತು. ಕಿಟಕಿಗೋ, ಗೂಟದಲ್ಲಿ ನೇತುಹಾಕಿದ ಕೋಟಿಗೋ, ಅವನ ಕಿವಿಯಾಚೆ ಇರುವ ಏನೂ ಇಲ್ಲದ ಜಾಗಕ್ಕೋ. ಜಗಳವಾಡಿದ್ದರೆ ಸರಿ ಅನ್ನಬಹುದಿತ್ತು. ಜಗಳವೇ ಇಲ್ಲ! ಅಡುಗೆ ಮಾಡುತ್ತಾಳೆ, ನಗುತ್ತಾಳೆ, ಮುದುಕ ಎಂದು ರೇಗಿಸುತ್ತಾಳೆ. ಎಲ್ಲವನ್ನೂ ಬೇರೆಲ್ಲೋ ನೋಡಿಕೊಂಡು ಮಾಡುತ್ತಾಳೆ.

ಒಂದು ಸಂಜೆ ಊಟಕ್ಕೆ ಕೂತಾಗ ಕೇಳಿಯೇಬಿಟ್ಟ. "ಆ ಕಿಟಕೀಲಿ ಏನಿದೆ ಅಂತ ಹಾಗೆ ನೋಡ್ತೀಯಾ?"

"ಏನಿಲ್ಲ. ಆಲೂಗಡ್ಡೆ ಹಾಕ್ಕೋ."

ಅಲ್ಲಿಗೆ ಮುಗಿಯಿತು. ಎರಡನೆಯ ಸಲ ಕೇಳಲಿಲ್ಲ. ನಮ್ಮ ಕಡೆ ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳುವವನು ಪೊಲೀಸಿನವನೊಬ್ಬನೇ. ಉಳಿದವರು ಒಂದು ಸಲ ಕೇಳುತ್ತಾರೆ, ಉತ್ತರ ಬಾರದಿದ್ದರೆ ಆಲೂಗಡ್ಡೆ ಹಾಕಿಕೊಳ್ಳುತ್ತಾರೆ. ಇದನ್ನು ನಾವು ಮರ್ಯಾದೆ ಎಂದು ಕರೆಯುತ್ತೇವೆ. ಈ ಮರ್ಯಾದೆಯಿಂದ ಎಷ್ಟು ಸಂಸಾರಗಳು ಮೂಗರ ಸಂತೆಯಾಗಿವೆಯೋ ದೇವರೇ ಬಲ್ಲ.

ಒಂದು ಬೆಳಿಗ್ಗೆ ಅವನು ಸೌದೆ ತರಲು ಹಿತ್ತಲಿಗೆ ಹೋಗಿದ್ದಾಗ ಅವಳು ತನ್ನ ತಮ್ಮ ಶೆಲ್‌ನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಕಿಟಕಿ ತೆರೆದಿತ್ತು. ಕದ್ದು ಕೇಳುವ ಜಾತಿಯವನಲ್ಲ ತೊರ್ಲೈಫ್, ಆದರೆ ಕಿವಿಗೇನು ಬಾಗಿಲಿದೆಯೇ?

"ಇಲ್ಲ, ಅವನಿಗಿನ್ನೂ ಹೇಳಿಲ್ಲ," ಎಂದಳು. "ಒಳಗಿನ ಕೆಲಸ ಮುಗೀಲಿ. ಆಮೇಲೆ ಹೇಳ್ತೀನಿ. ಈಗಲೇ ಹೇಳಿದ್ರೆ ಕೆಲಸ ನಿಂತುಹೋಗುತ್ತೆ."

ತೊರ್ಲೈಫ್ ಸೌದೆ ತಬ್ಬಿಕೊಂಡೇ ನಿಂತ. ಈ ಜಾಗ ಸಿಗ್ರುನ್‌ದು. ಅವಳಪ್ಪ ದನ ಮೇಯಿಸುತ್ತಿದ್ದ ಬೆಟ್ಟ, ಮಗಳ ಹೆಸರಿಗೆ ಬಂದದ್ದು. ಹಲಗೆಗಳು ಅವನವಿರಬಹುದು, ಮೊಳೆಗಳು ಅವನವಿರಬಹುದು, ಕಾಲಡಿಯ ನೆಲ ಅವಳದು. ಓಸ್ಲೋದವರು ಬೆಟ್ಟದ ಮನೆಗಳಿಗೆ ಬಾಯಿ ಬಿಟ್ಟುಕೊಂಡು ಕೂತಿದ್ದಾರೆಂದು ಶೆಲ್ ಈಸ್ಟರಿನಲ್ಲಿ ಬಂದಾಗ ಹತ್ತು ಸಲ ಹೇಳಿದ್ದ. ಮಾರಿಬಿಡುವುದು. ಆಮೇಲೆ? ಮುಖ ನೋಡಲೂ ಇಷ್ಟವಿಲ್ಲದ ಗಂಡನ ಜೊತೆ ಯಾರು ತಾನೇ ಚಳಿಗಾಲ ಕಳೆಯಲು ಬೆಟ್ಟ ಹತ್ತುತ್ತಾರೆ? ಲೆಕ್ಕ ಸರಿಯಾಗಿಯೇ ಕೂಡಿಬಂತು.

ಆದರೆ ಸೌದೆ ಇಳಿಸಿ ಒಳಗೆ ಬಂದರೆ ಅವಳು ಹಾಡು ಗುನುಗುತ್ತ ಅಡುಗೆಮೂಲೆಯ ಕಪಾಟುಗಳನ್ನು ಕೈಯಿಂದ ಸವರುತ್ತಿದ್ದಳು. "ಕಾಫಿ ಡಬ್ಬಿ ಯಾವಾಗ್ಲೂ ಎಡಗಡೆ ಕೊನೇಲಿ ಇರ್ಲಿ. ಸಕ್ಕರೆ ಅದರ ಪಕ್ಕ. ಬೇರೆ ಕಡೆ ಇಟ್ರೆ ಕೈ ಮುರೀತೀನಿ ನೋಡು," ಎಂದಳು. ಮಾರಿಹೋಗುವ ಮನೆಯಲ್ಲಿ ಸಕ್ಕರೆ ಎಲ್ಲಿದ್ದರೆ ಇವಳಿಗೇನು? ತೊರ್ಲೈಫ್‌ಗೆ ತಲೆಬುಡ ತಿಳಿಯಲಿಲ್ಲ. ಕಾಫಿ ಡಬ್ಬಿಯನ್ನು ಎಡಗಡೆ ಕೊನೆಯಲ್ಲಿಟ್ಟ.

ಒಳಗೋಡೆಯ ಹಲಗೆಗಳೆಲ್ಲ ಕೂತ ವಾರ ಸಿಗ್ರುನ್ ಅವನಿಂದ ಕಾರು ಓಡಿಸಿಕೊಂಡು ಪೇಟೆಗೆ ಹೋಗಿ ಬಣ್ಣ ತಂದಳು. ವಸಂತದಿಂದ ಅವಳು ಕಾರಿನ ಸ್ಟೇರಿಂಗನ್ನೂ ಮುಟ್ಟಿರಲಿಲ್ಲ. "ಓಡಿಸಿ ಓಡಿಸಿ ಸಾಕಾಯ್ತು, ಇನ್ನು ನಾನು ರಾಣಿ ಹಾಗೆ ಪಕ್ಕದಲ್ಲಿ ಕೂತ್ಕೋತೀನಿ," ಎಂದಿದ್ದಳು. ಕ್ಯಾಬಿನ್ನಿನೊಳಗೆ ಡಬ್ಬಿಯ ಮುಚ್ಚಳ ತೆಗೆದಾಗ ತೊರ್ಲೈಫ್ ಬಗ್ಗಿ ನೋಡಿದ. ಹಾಲಿನಂಥ ಬಿಳಿ.

"ಇದು ಯಾವುದಕ್ಕೆ?"

"ಗೋಡೆಗೆ."

"ಗೋಡೆಗಾ? ಪೈನ್ ಹಲಗೆಗಾ?" ಅವನ ದನಿ ಕೀರಲಾಯಿತು. "ಮರಕ್ಕೆ ಬಣ್ಣ ಬಳಿಯೋರಿಗೆ ಕಪಾಳಕ್ಕೆ ಬಾರಿಸ್ಬೇಕು ಅಂತ ಊರೆಲ್ಲ ಹೇಳ್ಕೊಂಡು ತಿರುಗಿದವಳು ನೀನೇ ತಾನೇ?"

ಅವಳೇ. ಸಿಗ್ರುನ್ ಮೂವತ್ತು ವರ್ಷ ನೇಯ್ಗೆ ಕಲಿಸಿದವಳು. ಯಾವ ಪರದೆಗೆ ಯಾವ ಬಣ್ಣ, ಯಾವ ಕಂಬಳಿಗೆ ಯಾವ ಅಂಚು ಎಂದು ಇಡೀ ಕಣಿವೆಯ ಹೆಂಗಸರು ಅವಳನ್ನು ಕೇಳಿಕೊಂಡು ಬರುತ್ತಿದ್ದರು. ಬಿಳಿ ಬಳಿದ ಪೈನ್ ಗೋಡೆ ಕಂಡರೆ ಅವಳಿಗೆ ಹಲ್ಲುನೋವು ಬರುತ್ತಿತ್ತು.

"ಮನಸ್ಸು ಬದಲಾಯ್ತು ಕಣೋ," ಎಂದಳು ಬಾಗಿಲ ಕಡೆ ನೋಡುತ್ತ. "ಬೆಳಕು ಬೇಕು ಅನ್ನಿಸ್ತಿದೆ. ಬ್ರಶ್ ಕೊಡು."

ದಾರಿಯ ಕೆಳಗಿನ ಕ್ಯಾಬಿನ್ನಿನ ಯೋರುನ್ ಅದೇ ದಿನ ತಟ್ಟೆಯಲ್ಲಿ ಸಿಹಿ ವೇಫಲ್ ದೋಸೆ ಹಿಡಿದುಕೊಂಡು ಬಂದಳು. ಬಿಳಿ ಗೋಡೆ ನೋಡಿ ಹುಬ್ಬೇರಿಸಿ, ಹೊರಗೆ ಗರಗಸದ ಹತ್ತಿರ ಬಂದು ಅವನ ಕಿವಿಯಲ್ಲಿ ಪಿಸುಗುಟ್ಟಿದಳು. "ಮನೆ ಮಾರ್ತಾ ಇದ್ದೀರಾ ತೊರ್ಲೈಫ್? ನನ್ನ ಅಣ್ಣನಿಗೂ ಏಜೆಂಟ್ ಹೀಗೇ ಹೇಳಿದ್ದು. ಬಿಳಿ ಬಳಿದ್ರೆ ಫೋಟೋದಲ್ಲಿ ದೊಡ್ಡದಾಗಿ ಕಾಣುತ್ತಂತೆ."

"ಯಾರು ಹೇಳಿದ್ದು ಮಾರ್ತೀವಿ ಅಂತ?"

"ಅಯ್ಯೋ, ಯಾರೂ ಹೇಳಿಲ್ಲಪ್ಪ. ಸುಮ್ನೆ ಕೇಳ್ದೆ."

ಸರಿ, ಇನ್ನೇನು ಉಳಿಯಿತು? ತೊರ್ಲೈಫ್ ಮನಸ್ಸಿನಲ್ಲೇ ಗಂಟುಮೂಟೆ ಕಟ್ಟತೊಡಗಿದ. ಕಟ್ಟಿ ಮುಗಿಸುವುದರೊಳಗೆ ಸಿಗ್ರುನ್ ಎರಡನೆಯ ಡಬ್ಬಿ ತೆರೆದಳು. ಅದರಲ್ಲಿ ಕೆಂಪು. ಅಂತಿಂಥ ಕೆಂಪಲ್ಲ, ಬೆಂಕಿ ಆರಿಸುವ ಲಾರಿಗೆ ಬಳಿಯುವ ಕೆಂಪು. ಅದನ್ನು ಹೊಸ್ತಿಲಿಗೆ ಬಳಿದಳು. ಅಟ್ಟಕ್ಕೆ ಹತ್ತುವ ಏಣಿಯ ಒಂದೊಂದು ಮೆಟ್ಟಿಲ ಅಂಚಿಗೂ ಬಳಿದಳು. ಬಾಗಿಲ ಚೌಕಟ್ಟಿಗೆ ಕಪ್ಪು ಬಳಿದಳು. ಒಲೆಯ ಮುಂದಿನ ನೆಲಕ್ಕೆ ಅಂಗೈಯಗಲದ ಹಳದಿ ಪಟ್ಟಿ ಎಳೆದಳು. ಬಳಿದದ್ದಾದರೂ ನೆಟ್ಟಗಿತ್ತೇ? ಬಿಳಿ ಗೋಡೆಯ ಮಧ್ಯೆ ಅಲ್ಲಲ್ಲಿ ಬೋಳು ತೇಪೆ, ಕೆಂಪು ಅಂಚು ಹಾವಿನಂತೆ ಡೊಂಕು. ಬೇರೆಯವರ ಪರದೆಯಲ್ಲಿ ಒಂದು ಎಳೆ ತಪ್ಪಿದರೆ ಬಾಗಿಲಿಂದಲೇ ಹಿಡಿಯುತ್ತಿದ್ದವಳು ಇದನ್ನು ನೋಡಿ ತೃಪ್ತಿಯಿಂದ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಹೇಗಿದೆ?"

"ಸರ್ಕಸ್ ಡೇರೆ ಹಾಗಿದೆ."

"ನಿನಗೇನು ಗೊತ್ತು ಬಣ್ಣದ ವಿಷಯ? ಬಸ್ಸಿನ ಅಡಿ ಎಲ್ಲ ಕಪ್ಪು ತಾನೇ," ಎಂದು ನಕ್ಕಳು, ಗೂಟದ ಕೋಟಿನ ಕಡೆ ತಿರುಗಿ.

ಅವನ ತಲೆ ಪೂರ್ತಿ ಕೆಟ್ಟುಹೋದದ್ದು ಆಗ. ಮಾರುವುದಾದರೆ ಬಿಳಿ ಸರಿ, ಕೆಂಪು ಯಾಕೆ? ಹಳದಿ ಪಟ್ಟಿ ನೋಡಿ ಓಸ್ಲೋದವರು ಬಂದ ದಾರಿಯಲ್ಲೇ ಓಡಿಹೋಗುತ್ತಾರೆ. ಮಾರುವುದಿಲ್ಲವಾದರೆ ಶೆಲ್‌ಗೆ ಹೇಳಿದ ಮಾತೇನು? ನನಗೆ ಬೇಸರವಾಗಲಿ, ನಾನೇ ಬಿಟ್ಟುಹೋಗಲಿ ಅಂತ ಹೀಗೆ ಮಾಡುತ್ತಿದ್ದಾಳೆಯೇ? ಇಲ್ಲ ಇವಳಿಗೇ ಏನಾದರೂ ಹೆಚ್ಚುಕಮ್ಮಿ ಆಗಿದೆಯೇ? ಆದರೆ ಬುದ್ಧಿ ಚೂರಿಯಷ್ಟು ಚುರುಕು, ನಿನ್ನೆ ತಾನೇ ಇಸ್ಪೀಟಿನಲ್ಲಿ ಅವನನ್ನು... ಅಲ್ಲ, ಇಸ್ಪೀಟು ಆಡಿ ಎಷ್ಟೋ ತಿಂಗಳಾಯಿತು. ಅದನ್ನು ಯಾವಾಗ ಬಿಟ್ಟೆವು? ಯಾಕೆ ಬಿಟ್ಟೆವು? ನೆನಪಾಗಲಿಲ್ಲ. ಅವಳೇ ಬೇಡವೆಂದಿದ್ದಳು.

ಅಕ್ಟೋಬರಿನಲ್ಲಿ ಅವಳು ಪೇಟೆಗೆ ಒಬ್ಬಳೇ ಹೊರಟಳು. ಕೂದಲು ಕತ್ತರಿಸಿಕೊಳ್ಳಬೇಕಂತೆ. ಕಾರಿನಲ್ಲಿ ಬಿಡುತ್ತೇನೆಂದರೆ ಬೇಡ, ಬಸ್ಸೇ ಆರಾಮ ಎಂದಳು. ಹೋಗುವಾಗ ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಂತು, ಕೆಂಪನ್ನು ಕಾಲಿನ ತುದಿಯಿಂದ ಸವರಿ ದಾಟಿದಳು.

ಅವಳ ಬಸ್ಸು ತಿರುವಿನಲ್ಲಿ ಮರೆಯಾದದ್ದೇ ತಡ, ತೊರ್ಲೈಫ್ ಉಪ್ಪುಕಾಗದ ಹಿಡಿದು ಮೊಣಕಾಲೂರಿದ. ಮೊದಲು ಹೊಸ್ತಿಲು. ಉಜ್ಜಿದ, ಉಜ್ಜಿದ, ಕೆಂಪು ಪುಡಿ ಮೂಗಿಗೆ ಹೋಗಿ ಸೀನಿದ, ಮತ್ತೆ ಉಜ್ಜಿದ. ಸಿಟ್ಟು ಕೈಗೆ ಬಲ ಕೊಟ್ಟಿತ್ತು. ಮಾರುವುದಿದ್ದರೆ ಮಾರಲಿ, ಆದರೆ ನಾನು ಕೊಯ್ದ ಮರವನ್ನು ಹೀಗೆ ಅವಮಾನ ಮಾಡಿ ಮಾರುವುದು ಬೇಡ. ಕೆಳಗಿನಿಂದ ಜೇನಿನ ಬಣ್ಣದ ಪೈನ್ ಮೇಲೆದ್ದು ಬಂದಾಗ ಅವನಿಗೆ ಅಳು ಬರುವಷ್ಟು ಸಂತೋಷವಾಯಿತು. ಅದಕ್ಕೆ ಎಣ್ಣೆ ಹಚ್ಚಿ ಒರೆಸಿದ. ಹೊಸ್ತಿಲು ಬಣ್ಣದಲ್ಲಿ ನೆಲದ ಜೊತೆ ಒಂದಾಗಿ, ಎಲ್ಲಿ ನೆಲ ಮುಗಿದು ಎಲ್ಲಿ ಹೊಸ್ತಿಲು ಶುರುವಾಯಿತೆಂದು ತಿಳಿಯದಷ್ಟು ಚಂದವಾಯಿತು. ಇವಳು ನೋಡಿದರೆ ಹಳೇ ಸಿಗ್ರುನ್ ಎದ್ದು ಕೂರುತ್ತಾಳೆ, ಬೈಯುತ್ತಾಳೆ, ಬೈಯುವುದಕ್ಕಾದರೂ ನನ್ನ ಮುಖ ನೋಡುತ್ತಾಳೆ ಎಂದುಕೊಂಡ.

ಅವಳು ಬಂದಾಗ ಹೊತ್ತು ಮುಳುಗುತ್ತಿತ್ತು. ಒಲೆಗೆ ಬೆಂಕಿ ಹಾಕಿ, ಮೀನಿನ ಉಂಡೆ ಬಿಸಿಯಿಟ್ಟು, ಅವನು ಮೇಜಿನ ಹತ್ತಿರ ಪರೀಕ್ಷೆ ಬರೆದ ಹುಡುಗನ ಹಾಗೆ ಕಾಯುತ್ತಿದ್ದ. ಬಾಗಿಲು ತೆರೆಯಿತು.

"ಏನೋ, ಊಟ ರೆಡಿಯಾ? ವಾಸನೆ ರಸ್ತೆವರೆಗೂ..."

ಮಾತು ಮುಗಿಯಲಿಲ್ಲ. ಅವಳ ಬೂಟು ಹೊಸ್ತಿಲಿಗೆ ಬಡಿಯಿತು. ಎಡವಿದವರು ಕೈ ಚಾಚುತ್ತಾರಲ್ಲ, ಅದಕ್ಕೂ ಸಮಯ ಸಿಗದ ಹಾಗೆ ಉದ್ದಕ್ಕೆ ಬಿದ್ದಳು. ಚೀಲದಲ್ಲಿದ್ದ ಕಂದು ಚೀಸಿನ ಗಟ್ಟಿ ಉರುಳಿಕೊಂಡು ಹೋಗಿ ಒಲೆಯ ಕಾಲಿಗೆ ತಾಗಿ ನಿಂತಿತು.

"ಸಿಗ್ರುನ್!"

ಅವನು ಓಡಿಹೋಗಿ ಭುಜ ಹಿಡಿದ. ಅವಳು ಏಳಲಿಲ್ಲ. ನೆಲದ ಮೇಲೆ ಕೂತು, ತಿರುಗಿ, ಹೊಸ್ತಿಲನ್ನು ಅಂಗೈಯಿಂದ ಈ ತುದಿಯಿಂದ ಆ ತುದಿಗೆ ಸವರಿದಳು. ಆಮೇಲೆ ಅಂಗೈ ಮೂಸಿದಳು. ಹೊಸ ಎಣ್ಣೆಯ ವಾಸನೆ.

"ಕೆಂಪು ತೆಗೆದುಬಿಟ್ಯಾ?" ಎಂದಳು. ಬೈಗುಳವಿರಲಿಲ್ಲ, ಸಿಟ್ಟಿರಲಿಲ್ಲ. ಅಷ್ಟು ಸಣ್ಣ ದನಿ ಅವಳ ಗಂಟಲಿನಲ್ಲಿದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. "ಏಣಿದೂ ತೆಗೆದ್ಯಾ?"

"ಇಲ್ಲ, ಹೊಸ್ತಿಲು ಮಾತ್ರ. ನೀನು... ಅದು ಕಾಣ್ಲಿಲ್ವಾ ನಿನಗೆ?"

ಈ ಪ್ರಶ್ನೆಗೂ ಆಲೂಗಡ್ಡೆಯ ಉತ್ತರ ಬರುವುದೆಂದು ಅವನು ಕಾದ. ಬರಲಿಲ್ಲ. ಅವಳು ಮಣಿಕಟ್ಟು ಹಿಡಿದುಕೊಂಡು ಕೂತಳು. ಅದು ಆಗಲೇ ಊದತೊಡಗಿತ್ತು.

"ಕಾಣಲ್ಲ ಕಣೋ," ಎಂದಳು ಕೊನೆಗೆ. "ಮರದ ಮೇಲೆ ಮರ ಕಾಣಲ್ಲ. ಮಬ್ಬು ಬೆಳಕಲ್ಲಂತೂ ಏನೂ ಕಾಣಲ್ಲ. ನಾನು ಹೋಗಿದ್ದು ಕೂದಲು ಕತ್ತರಿಸೋಕಲ್ಲ. ಕಣ್ಣಿನ ಆಸ್ಪತ್ರೆಗೆ. ಹೋದ ಚಳಿಗಾಲದಿಂದ ಹೋಗ್ತಾ ಇದ್ದೀನಿ."

"ಕಣ್ಣಿಗೇನಾಗಿದೆ?"

"ನಟ್ಟನಡುವೆ ಒಂದು ಕಲೆ. ಏನನ್ನ ನೇರವಾಗಿ ನೋಡ್ತೀನೋ ಅದೇ ಅಳಿಸಿಹೋಗುತ್ತೆ. ಸುತ್ತ ಇರೋದೆಲ್ಲ ಕಾಣುತ್ತೆ, ನಡುವಿಂದು ಹೋಗುತ್ತೆ. ಟೇಪಿನ ಅಂಕಿ ಹೋಯ್ತು. ಇಸ್ಪೀಟಿನ ಎಲೆ ಹೋಯ್ತು." ಉಸಿರೆಳೆದುಕೊಂಡಳು. "ನಿನ್ನ ಮುಖ ಹೋಯ್ತು. ನೇರ ನೋಡಿದ್ರೆ ಭುಜದ ಮೇಲೆ ಬರೀ ಮಂಜು. ಪಕ್ಕದಲ್ಲಿರೋ ಕೋಟು ನೋಡಿದ್ರೆ ಆಗ ನಿನ್ನ ಮೂಗು, ಬಾಯಿ ಒಂಚೂರು ಬರುತ್ತೆ. ಪೂರ್ತಿ ಕುರುಡಾಗಲ್ಲ ಅಂದಿದ್ದಾರೆ ಡಾಕ್ಟ್ರು. ಆದ್ರೆ ವಾಸಿಯಾಗೋದೂ ಇಲ್ಲ."

ತೊರ್ಲೈಫ್ ಕೇಳಿಸಿಕೊಂಡ. ಕೇಳಿಸಿಕೊಂಡು ಅವನ ಬಾಯಿಂದ ಬಂದದ್ದು ಏನು ಗೊತ್ತೇ? ಹೇಳಲೂ ನಾಚಿಕೆಯಾಗುತ್ತದೆ.

"ಅಷ್ಟೇನಾ?" ಎಂದ. ಎದೆಯ ಮೇಲಿನ ಬಂಡೆ ಉರುಳಿಹೋದವನ ದನಿ ಅದು. "ಬರೀ ಕಣ್ಣಾ? ದೇವ್ರೇ, ಬರೀ ಕಣ್ಣಾ!"

"ಬರೀ ಕಣ್ಣಾ?" ಅವಳು ಒಳ್ಳೆಯ ಕೈಯಿಂದ ಅವನ ಎದೆಗೆ ಗುದ್ದಿದಳು. "ಬರೀ ಕಣ್ಣಂತೆ! ಮಗ್ಗ ಮುಟ್ಟೋ ಹಾಗಿಲ್ಲ, ಕಾರು ಮುಟ್ಟೋ ಹಾಗಿಲ್ಲ, ಒಂದು ಸಾಲು ಓದೋ ಹಾಗಿಲ್ಲ, ಇವನಿಗೆ ಬರೀ ಕಣ್ಣಂತೆ! ಯಾವ ಕಟುಕನ್ನ ಕಟ್ಕೊಂಡೆನಪ್ಪಾ ನಾನು!"

"ಅಲ್ಲ ಕಣೇ, ಹಾಗಲ್ಲ, ನಾನು ಅಂದ್ಕೊಂಡಿದ್ದು..."

"ಏನಂದ್ಕೊಂಡಿದ್ದೆ?"

"ಮಾರ್ತೀಯಾ ಅಂತ. ಶೆಲ್ ಹತ್ರ ಮಾತಾಡಿದ್ದು ಕೇಳಿಸ್ಕೊಂಡೆ. ಕೆಲಸ ಮುಗಿದ ಮೇಲೆ ಹೇಳ್ತೀನಿ ಅಂದ್ಯಲ್ಲ."

"ಮಾರೋದಾ? ಹೇಳಿದ್ರೆ ನೀನು ಮಾರಿಸ್ತೀಯಾ ಅಂತ ತಾನೇ ನಾನು ಹೇಳ್ದೆ ಇದ್ದಿದ್ದು!" ಎಂದು ಅವಳು ಕೂಗಿದಳು. "ನನಗೆ ಗೊತ್ತಿಲ್ವಾ ನೀನು? ಕಣ್ಣು ಅಂದ ಕೂಡ್ಲೆ ಗಾಬರಿಬಿದ್ದು ಆಸ್ಪತ್ರೆ ಪಕ್ಕ ಮನೆ ಹಿಡಿದು, ಸೋಫಾ ಮೇಲೆ ಕೂರಿಸಿ, ಕಾಲಿಗೆ ಕಂಬಳಿ ಹೊದಿಸಿಬಿಡ್ತಿದ್ದೆ. ಅದಕ್ಕೇ ಮೊದಲು ಈ ಮನೆ ಮುಗಿಸ್ಬೇಕು, ಎಲ್ಲೆಲ್ಲಿ ಏನಿದೆ ಅಂತ ಕೈಗೆ ಕಾಲಿಗೆ ಕಲಿಸ್ಬೇಕು, ಬಿಳಿ ಮೇಲೆ ಕೆಂಪು ಹಾಕಿ ದಾರಿ ಮಾಡ್ಕೋಬೇಕು, ಆಮೇಲೆ ಹೇಳ್ಬೇಕು ಅಂತಿದ್ದೆ. ನೋಡು, ನಾನಿಲ್ಲಿ ಇರಬಲ್ಲೆ, ಈಗ ಕರ್ಕೊಂಡು ಹೋಗು ನೋಡೋಣ ಅಂತ."

ಒಲೆಯಲ್ಲಿ ಸೌದೆ ಚಟಪಟ ಎಂದಿತು. ಮೀನಿನ ಉಂಡೆ ಸೀಯುತ್ತಿತ್ತು, ಯಾರೂ ಏಳಲಿಲ್ಲ. ಇವಳು ಬಳಿದದ್ದೆಲ್ಲ ಹೋಗುವುದಕ್ಕೆ ಎಂದುಕೊಂಡಿದ್ದ. ಇರುವುದಕ್ಕೆ ಬಳಿದಿದ್ದಳು. ಆ ದಾರಿಯನ್ನು ಅವನು ತನ್ನ ಕೈಯಾರೆ ಉಜ್ಜಿ ಅಳಿಸಿ, ಎಣ್ಣೆ ಬೇರೆ ಹಚ್ಚಿ, ಬೈಗುಳದ ದಾರಿ ಕಾಯುತ್ತ ಕೂತಿದ್ದ. ನಾಚಿಕೆಯಿಂದ ಅವನ ಕಿವಿ ಸುಟ್ಟುಹೋಯಿತು.

"ಕಣ್ಣಿನ ವಿಷಯ ಹಾಗನ್ನಬಾರದಿತ್ತು," ಎಂದ. "ತಪ್ಪಾಯ್ತು."

"ತಪ್ಪೇ ಆಗಿದ್ದು."

"ಆದ್ರೆ ನೀನು ನನ್ನ ಮುಖ ನೋಡೋದೇ ಬಿಟ್ಟಿದ್ದೆ ಸಿಗ್ರುನ್. ಒಂದು ವರ್ಷ ಆಗ್ತಾ ಬಂತು. ನಾನು ಏನು ಮಾತಾಡಿದ್ರೂ ನೀನು ಬೇರೆ ಎಲ್ಲೋ ನೋಡ್ತಿದ್ದೆ. ಈ ಮುಖ ಸಾಕಾಗಿದೆ ಇವಳಿಗೆ ಅಂದ್ಕೊಂಡೆ. ದಿನಾ ಬೆಳಿಗ್ಗೆ ಎದ್ದು, ಇವತ್ತು ಹೇಳ್ತಾಳೆ, ಹೊರಡು ಅಂತ ಇವತ್ತು ಹೇಳ್ತಾಳೆ ಅಂತ..."

ಅವಳ ಗುದ್ದಿದ ಕೈ ಅವನ ಅಂಗಿಯನ್ನು ಹಿಡಿದುಕೊಂಡೇ ಇತ್ತು.

"ಅಳ್ತಾ ಇದ್ದೀಯಾ?"

"ಇಲ್ಲ."

"ಸುಳ್ಳು ಹೇಳ್ಬೇಡ. ತಡಿ, ಅಲ್ಲಾಡ್ಬೇಡ."

ಅವಳು ಅವನನ್ನು ಬೆಂಕಿಯ ಬೆಳಕಿಗೆ ಎಳೆದು ಕೂರಿಸಿದಳು. ಆಮೇಲೆ ಅವನ ಮುಖದಿಂದ ಕಣ್ಣು ತೆಗೆದು, ನಿಧಾನವಾಗಿ, ಪಕ್ಕದ ಬಿಳಿ ಗೋಡೆಯ ಕಡೆಗೆ ತಿರುಗಿ, ಅಲ್ಲಿಯೇ ದೃಷ್ಟಿ ನಿಲ್ಲಿಸಿದಳು. ತೊರ್ಲೈಫ್ ಕಣ್ಣೀರು ಒರೆಸಿಕೊಳ್ಳಲು ಎತ್ತಿದ್ದ ಕೈಯನ್ನು ಕೆಳಗಿಳಿಸಿದ. ನೋಡಲಿ ಎಂದು ಹಾಗೆಯೇ ಕೂತ.

"ಅಳ್ತಾ ಇದ್ದೀಯಾ," ಎಂದಳು ಅವಳು ಗೋಡೆ ನೋಡುತ್ತ. "ಗಡ್ಡ ಬೇರೆ ಬಿಟ್ಟಿದ್ದೀಯಾ."